ಶಾಲೆಯ ಮೆಟ್ಟಿಲು ಹತ್ತದವರು, ಪುಸ್ತಕದಲ್ಲಿ ಉಳಿದವರು

ಒಂದು ಶಾಲೆಯ ಚರಿತ್ರೆ ಎಂದಾಗ ಕಟ್ಟಡ, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್ಸೆಸ್ಸೆಲ್ಸಿ ಫಲಿತಾಂಶ, ದಾನಿಗಳ ಹೆಸರು ನೆನಪಾಗುತ್ತವೆ. ಅವನ್ನೆಲ್ಲ ಬಲ್ಲವರು ಈ ಸಂಚಿಕೆಯಲ್ಲಿ ಬರೆಯುತ್ತಾರೆ. ನಾನು ಇಲ್ಲಿ ಕನ್ನಡ ಕಲಿಸಿದವನು. ಪಾಠದ ಜೊತೆಗೆ ಗ್ರಂಥಾಲಯದ ಎರಡು ಕಪಾಟುಗಳ ಬೀಗದಕೈಯೂ ಬಹಳ ವರ್ಷ ನನ್ನ ಬಳಿ ಇತ್ತು. ಹಾಗಾಗಿ ಆ ಕಪಾಟಿನೊಳಗೆ ಬದುಕಿದ್ದವರ ಚರಿತ್ರೆಯನ್ನು ನಾಲ್ಕು ಪುಟ ಬರೆಯುವುದು ನನ್ನ ಪಾಲಿನ ಕೆಲಸ ಎಂದುಕೊಂಡಿದ್ದೇನೆ.

ಹಳೆ ವಿದ್ಯಾರ್ಥಿಗಳು ಪೇಟೆಯಲ್ಲಿಯೋ ಮದುವೆ ಮನೆಯಲ್ಲಿಯೋ ಸಿಕ್ಕಿದಾಗ, "ಸರ್, ಪುಸ್ತಕದ ಹೆಸರು ಮರೆತುಹೋಗಿದೆ, ಅದರಲ್ಲಿ ಒಬ್ಬಳು ಅಜ್ಜಿ ಇದ್ದಳಲ್ಲ" ಎನ್ನುವುದುಂಟು. ಬರೆದವರ ಹೆಸರು ಮರೆತೀತು, ಕಥೆಯ ಜಾಡು ತಪ್ಪೀತು, ಪಾತ್ರ ಮಾತ್ರ ಉಳಿಯುತ್ತದೆ. ಹೀಗೆ ಉಳಿದವರನ್ನು ಒಬ್ಬೊಬ್ಬರಾಗಿ ಎಣಿಸುತ್ತ ಹೋದಾಗ ನನಗೆ ಒಂದು ಸಂಗತಿ ಕಂಡಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಓದುಗರು ಮರೆಯದ ಪಾತ್ರಗಳಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬರೆದವರು ಓದಿದವರು, ಯಾರ ಬಗ್ಗೆ ಬರೆದರೋ ಅವರಿಗೆ ಅಕ್ಷರ ಬಾರದು. ಸರಕಾರಿ ಶಾಲೆಯೊಂದು ಐವತ್ತು ವರ್ಷ ಪೂರೈಸುವ ಹೊತ್ತಿನಲ್ಲಿ ಈ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು.

ಪ್ರಸಂಗ ಪುಸ್ತಕದಿಂದ ಶುರು

ಶಾಲೆ ಬರುವುದಕ್ಕೆ ಮೊದಲೂ ಊರಿಗೆ ಪಾತ್ರಗಳ ಬರ ಇರಲಿಲ್ಲ. ಗದ್ದೆ ಕೊಯ್ಲು ಮುಗಿದರೆ ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ. ಆಮೇಲೆ ಡೇರೆ ಹಾಕಿಕೊಂಡು ಸಾಲಿಗ್ರಾಮ ಮೇಳ. ಕರ್ಣ, ಕೌರವ, ಕೀಚಕ, ದಮಯಂತಿ ಇವರೆಲ್ಲ ಊರಿನವರಷ್ಟೇ ಪರಿಚಿತರು. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದಿಂದ ಬಂದ ತೆಳ್ಳಗಿನ ಪ್ರಸಂಗ ಪುಸ್ತಕಗಳು, ಬೇರೆ ಒಂದೂ ಪುಸ್ತಕ ಇಲ್ಲದ ಮನೆಗಳಲ್ಲಿಯೂ ಇರುತ್ತಿದ್ದವು. ನಮ್ಮ ಕಡೆಯ ಮೊದಲ ಜನಪ್ರಿಯ ಪುಸ್ತಕ ಯಾವುದೆಂದು ಕೇಳಿದರೆ ನಾನು ಪ್ರಸಂಗ ಪುಸ್ತಕವನ್ನೇ ತೋರಿಸುತ್ತೇನೆ.

ಆ ಪುಸ್ತಕದಲ್ಲಿ ಒಂದು ವಿಶೇಷ ಇದೆ. ಅದರಲ್ಲಿ ಇರುವುದು ಭಾಗವತರು ಹಾಡುವ ಪದ್ಯ. ಪಾತ್ರಧಾರಿ ಆಡುವ ಮಾತು ಅದರಲ್ಲಿ ಇಲ್ಲ. ಮಾತನ್ನು ಅವನೇ ಹುಟ್ಟಿಸಬೇಕು. ಆದ್ದರಿಂದ ಹೆಚ್ಚು ಓದದ ಕಲಾವಿದನೂ ರಂಗಸ್ಥಳದ ಮೇಲೆ ಪಾತ್ರದ ಅರ್ಧ ಕರ್ತೃವಾಗುತ್ತಾನೆ. ಅಕ್ಷರ ಬಾರದವರಿಗೆ ಬುದ್ಧಿ ಇಲ್ಲ ಎಂಬ ಮಾತನ್ನು ನಮ್ಮ ಊರಿನಲ್ಲಿ ಯಾರೂ ಸುಲಭವಾಗಿ ನಂಬದಿರಲು ಇದೂ ಒಂದು ಕಾರಣ ಇರಬೇಕು.

ಇಂದಿರಾಬಾಯಿ

ಅಚ್ಚಾದ ಕಾದಂಬರಿಯ ಕಾಲಕ್ಕೆ ಬಂದರೆ ಮೊದಲು ಸಿಗುವವಳು ಇಂದಿರಾಬಾಯಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ವೆಂಕಟರಾಯರು ಪೊಲೀಸು ಇಲಾಖೆಯಲ್ಲಿ ಇದ್ದವರು. ಅವರ ಹೆಸರಿನ ಮುಂದಿರುವ ಗುಲ್ವಾಡಿ ನಮ್ಮ ಕುಂದಾಪುರ ತಾಲ್ಲೂಕಿನ ಊರು.

ಇಂದಿರೆ ಎಳೆ ವಯಸ್ಸಿನ ವಿಧವೆ. ಮನೆಯವರು ತೋರಿಸಿದ ದಾರಿಯನ್ನು ಬಿಟ್ಟು ಹೊರಗೆ ಬರುತ್ತಾಳೆ, ಓದು ಕಲಿಯುತ್ತಾಳೆ, ಮರುಮದುವೆಯಾಗುತ್ತಾಳೆ. ವಿಧವೆಯರ ವಿವಾಹಕ್ಕೆ ಕಾಯಿದೆ ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಅದಾಗಿ ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆಯೂ ಇದು ಕಾದಂಬರಿಗೆ ವಸ್ತುವಾಗುವಷ್ಟು ಅಪರೂಪದ ಮಾತಾಗಿತ್ತು. ಮುಂದೆ ಬರುವ ಪಾತ್ರಗಳ ಸಾಲಿನಲ್ಲಿ ಓದಿನ ಬಾಗಿಲು ತೆರೆದು ಒಳಗೆ ಹೋದವಳು ಇವಳೊಬ್ಬಳೇ. ಉಳಿದವರಿಗೆ ಆ ಬಾಗಿಲು ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ಪಾರೋತಿ ಮತ್ತು ಸರಸೋತಿ

ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿರುವ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರ ಬಗ್ಗೆ ನಮ್ಮ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. 1921ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಮುಂದೆ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ಬರೆದರು, ಯಕ್ಷಗಾನದ ಬಗ್ಗೆ ಬರೆದರು, ಕಾದಂಬರಿ ಬರೆದರು. 1941ರಲ್ಲಿ ಬಂದ 'ಮರಳಿ ಮಣ್ಣಿಗೆ' ಕೋಟದ ಪಡುವಣಕ್ಕಿರುವ ಕೋಡಿಯ ಕಥೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳು ನೆಲದ ಬೇಸಾಯ.

ರಾಮ ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ, ಹೀಗೆ ಮೂರು ತಲೆಮಾರಿನ ಗಂಡಸರ ಹೆಸರಿನಲ್ಲಿ ಕಥೆ ನಡೆಯುತ್ತದೆ. ಆದರೆ ಮನೆಯನ್ನು ಹೊತ್ತು ನಿಲ್ಲಿಸುವವರು ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ, ಆಮೇಲೆ ಸೊಸೆ ನಾಗವೇಣಿ. ಮಕ್ಕಳಿಲ್ಲವೆಂದು ಗಂಡ ಮತ್ತೊಂದು ಮದುವೆಯಾದಾಗಲೂ ಪಾರೋತಿಯ ದುಡಿಮೆ ನಿಲ್ಲುವುದಿಲ್ಲ. ಸರಸೋತಿ ಅಣ್ಣನಿಗೆ ಎದುರಾಡಬೇಕಾದಲ್ಲಿ ಎದುರಾಡುತ್ತಾಳೆ. ಇಂಗ್ಲಿಷು ಕಲಿಯಲು ಹೋದ ಲಚ್ಚ ಮನೆಯನ್ನು ಹಾಳು ಮಾಡುತ್ತಾನೆ. ಏನೂ ಕಲಿಯದ ಹೆಂಗಸರು ಉಳಿಸಿಕೊಳ್ಳುತ್ತಾರೆ. ಶಾಲೆಯ ಕಪಾಟಿನಲ್ಲಿ ಇಟ್ಟು ಓದಿಸಬೇಕಾದ ಪುಸ್ತಕ ಶಾಲೆಯ ಬಗ್ಗೆಯೇ ಇಂಥ ಪ್ರಶ್ನೆ ಕೇಳುತ್ತದೆ. ಕಲಿತವನು ಕಲಿಯದವರ ಋಣವನ್ನು ಹೇಗೆ ತೀರಿಸುತ್ತಾನೆ? ಮೊಮ್ಮಗ ರಾಮ ಊರು ಸುತ್ತಿ, ಕೆಲಸವಿಲ್ಲದೆ ಬಳಲಿ, ಕೊನೆಗೆ ಮಣ್ಣಿಗೆ ಮರಳುವುದು ಆ ಪ್ರಶ್ನೆಗೆ ಕಾರಂತರು ಕೊಟ್ಟ ಉತ್ತರ.

ಹೆಸರುಗಳನ್ನು ಗಮನಿಸಿ. ಪಾರ್ವತಿ ಎಂದಿಲ್ಲ, ಪಾರೋತಿ. ಸರಸ್ವತಿ ಎಂದಿಲ್ಲ, ಸರಸೋತಿ. ಮನೆಯಲ್ಲಿ ಕರೆಯುವ ಹಾಗೆಯೇ ಪುಸ್ತಕಕ್ಕೆ ತಂದರು. ಹಳ್ಳಿಯ ಹುಡುಗಿಯರು ತರಗತಿಯಲ್ಲಿ ಈ ಹೆಸರು ಕೇಳಿದ ಕೂಡಲೇ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಅದು ತಮಾಷೆಯ ನಗು ಅಲ್ಲ. ತಮ್ಮ ಮನೆಯವರು ಅಚ್ಚಾಗಿದ್ದಾರೆ ಎಂಬ ಬೆರಗು.

ಚೋಮ

ಅದಕ್ಕೂ ಮೊದಲು, 1930ರ ದಶಕದ ಆರಂಭದಲ್ಲಿ ಬಂದದ್ದು 'ಚೋಮನ ದುಡಿ'. ಕಾಡಿನಲ್ಲಿ ಸಿಕ್ಕಿದ ಎತ್ತುಗಳನ್ನು ಚೋಮ ಸಾಕಿದ್ದಾನೆ. ತುಂಡು ನೆಲ ಸಿಕ್ಕಿದರೆ ತಾನೇ ಉಳಬೇಕು ಎಂಬುದು ಅವನ ಒಂದೇ ಆಸೆ. ದಲಿತನಾದವನು ಬೇಸಾಯಗಾರನಾಗುವಂತಿಲ್ಲ ಎಂಬ ಕಟ್ಟಳೆ ಅದಕ್ಕೆ ಅಡ್ಡ ಬರುತ್ತದೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ನೀರಿನಲ್ಲಿ ಮುಳುಗುತ್ತಿರುವ ಮಗನನ್ನು ಮುಟ್ಟಿ ಎತ್ತುವವರಿಲ್ಲ. ಉಳಿಯುವುದು ದುಡಿಯ ಸದ್ದು. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು.

ಸಿನಿಮಾ ಬಂದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಭೂಮಸೂದೆಯದೇ ಮಾತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂಮಿಯ ಒಡೆಯರಾದರು. ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಕಲಿತ ಅನೇಕರು ಹಾಗೆ ಭೂಮಿ ಪಡೆದ ಮನೆಗಳ ಮಕ್ಕಳು. ಮೊದಲು ಗೇಣಿ ಅಕ್ಕಿಗೇ ಸಾಲದಿದ್ದ ಮನೆಯಿಂದ ಹುಡುಗರು ಹೈಸ್ಕೂಲಿಗೆ ಬಂದರು.

ಆದರೆ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ನಾನು ಪ್ರತಿ ವರ್ಷ ಕೇಳುತ್ತಿದ್ದೆ. "ಚೋಮ ಬದುಕಿದ್ದರೆ ಅವನಿಗೆ ಈ ಕಾಯಿದೆಯಲ್ಲಿ ಭೂಮಿ ಸಿಗುತ್ತಿತ್ತೇ?" ಮಕ್ಕಳು ಒಟ್ಟಿಗೆ "ಸಿಗುತ್ತಿತ್ತು ಸರ್" ಎನ್ನುತ್ತಿದ್ದರು. ಆಮೇಲೆ ಒಬ್ಬರಲ್ಲ ಒಬ್ಬರು ನಿಧಾನವಾಗಿ ಯೋಚಿಸಿ ಇಲ್ಲ ಎನ್ನುತ್ತಿದ್ದರು. ಚೋಮ ಗೇಣಿ ಒಕ್ಕಲೇ ಆಗಿರಲಿಲ್ಲ. ಅವನು ಧಣಿಯ ಮನೆಯ ಆಳು. ಡಿಕ್ಲರೇಷನ್ ಕೊಡಲು ಅವನ ಹೆಸರಿನಲ್ಲಿ ಗೇಣಿಯ ಚೀಟು ಎಲ್ಲಿಂದ ಬರಬೇಕು? ಕಾಯಿದೆ ಒಕ್ಕಲಿನವರೆಗೆ ಬಂತು, ಆಳಿನ ಗುಡಿಸಲಿನವರೆಗೆ ಬರಲು ತಡವಾಯಿತು. ಚೋಮನ ಮೊಮ್ಮಕ್ಕಳ ಪಾಲಿಗೆ ಭೂಮಿಗಿಂತ ಮೊದಲು ಸಿಕ್ಕಿದ್ದು ಶಾಲೆಯ ಬೆಂಚು. ಆ ಬೆಂಚಿನಲ್ಲಿ ಕೂತ ಹುಡುಗರು ಚೋಮನ ಪಾಠ ಗಟ್ಟಿಯಾಗಿ ಓದುವಾಗ ತರಗತಿ ಬೇರೆ ರೀತಿಯಲ್ಲಿ ಮೌನವಾಗುತ್ತಿತ್ತು.

ಮೂಕಜ್ಜಿ ಮತ್ತು ಘಟ್ಟದ ಮೇಲಿನ ಫಣಿಯಮ್ಮ

ನಮ್ಮ ಕಪಾಟಿನಿಂದ ಅತಿ ಹೆಚ್ಚು ಹೊರಗೆ ಹೋದವಳು ಮೂಕಜ್ಜಿ. 1968ರಲ್ಲಿ ಬಂದ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ಬಾಲ್ಯದಲ್ಲಿಯೇ ವಿಧವೆಯಾಗಿ, ಹೆಚ್ಚು ಮಾತಾಡದೆ, ಹುಚ್ಚಿ ಎನಿಸಿಕೊಂಡ ಮೂಡೂರಿನ ಮುದುಕಿ ಮೊಮ್ಮಗ ಸುಬ್ರಾಯನ ಜೊತೆ ಮಾತಿಗೆ ಕೂರುತ್ತಾಳೆ. ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲವನ್ನೆಲ್ಲ ಕಾಣುತ್ತಾಳೆ. ದೇವರು, ಧರ್ಮ, ಗಂಡು ಹೆಣ್ಣಿನ ಸಂಬಂಧ, ಯಾವುದರ ಬಗ್ಗೆಯೂ ಅವಳಿಗೆ ಸಂಕೋಚವಿಲ್ಲ. ಓದಿದ ಮೊಮ್ಮಗ ಪ್ರಶ್ನೆ ಕೇಳುತ್ತಾನೆ, ಓದದ ಅಜ್ಜಿ ಉತ್ತರ ಹೇಳುತ್ತಾಳೆ. ಕನ್ನಡಕ್ಕೆ ಬಂದ ಒಂದು ಜ್ಞಾನಪೀಠ ಅಕ್ಷರ ಬಾರದ ಅಜ್ಜಿಯೊಬ್ಬಳ ಮಾತಿಗೆ ಬಂತು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಇದರ ಪಕ್ಕದಲ್ಲಿಯೇ ನಾನು ಇಡುತ್ತಿದ್ದ ಪುಸ್ತಕ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಘಟ್ಟ ಹತ್ತಿದರೆ ಸಿಗುವ ತೀರ್ಥಹಳ್ಳಿ ಸೀಮೆಯ ಕಥೆ. ಇವಳೂ ಬಾಲವಿಧವೆ. ಇಂದಿರಾಬಾಯಿ, ಸರಸೋತಿ, ಮೂಕಜ್ಜಿ, ಫಣಿಯಮ್ಮ: 1899ರಿಂದ 1976ರವರೆಗಿನ ನಾಲ್ಕು ಪುಸ್ತಕಗಳಲ್ಲಿ ಒಂದೇ ಕತ್ತಲೆ ಕೋಣೆಯಿಂದ ನಾಲ್ವರು ಹೊರಗೆ ಬಂದಂತೆ ನನಗೆ ಕಾಣುತ್ತದೆ. ಒಬ್ಬ ಹುಡುಗಿ 'ಫಣಿಯಮ್ಮ'ನನ್ನು ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ಕೇಳಿ, "ಇದ್ ನಮ್ ದೊಡ್ಡಮ್ಮನ್ ಕಥಿ ಕಣಂಗೇ ಇತ್ತಲೆ" ಎಂದರಂತೆ. ಪುಸ್ತಕ ಮರಳಿ ಬಂದದ್ದು ಎರಡು ತಿಂಗಳ ಮೇಲೆ. ದಂಡ ಕೇಳುವ ಮನಸ್ಸಾಗಲಿಲ್ಲ.

ಪತ್ತೇದಾರ ಪುರುಷೋತ್ತಮ ಮತ್ತು ಇತರರು

ಎಲ್ಲರೂ ಕಾರಂತರನ್ನೇ ಓದುತ್ತಿದ್ದರು ಎಂದರೆ ಹಳೆ ವಿದ್ಯಾರ್ಥಿಗಳು ನಕ್ಕಾರು. ಪಠ್ಯಪುಸ್ತಕದ ಒಳಗೆ ಅಡಗಿ ಕೂರುತ್ತಿದ್ದವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು ಐನೂರರ ಆಸುಪಾಸಿನಲ್ಲಿ ಕಾದಂಬರಿ ಬರೆದರು. ಇಲ್ಲಿ ಲೆಕ್ಕ ತಿರುಗಿತು ನೋಡಿ: ಪಾತ್ರ ಬುದ್ಧಿವಂತ ಪತ್ತೇದಾರ, ಶಾಲೆ ಬಿಟ್ಟವರು ಕರ್ತೃ. 'ಚಂದಮಾಮ'ದ ಬೇತಾಳ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ 'ಅಮರ ಚಿತ್ರಕಥೆ'ಯ ವೀರರು, ತ್ರಿವೇಣಿಯವರ 'ಶರಪಂಜರ'ದ ಕಾವೇರಿ, ವಾರಪತ್ರಿಕೆಗಳ ಧಾರಾವಾಹಿಗಳ ನಾಯಕಿಯರು, ಇವರೆಲ್ಲ ಓದುವ ಚಟ ಹಿಡಿಸಿದವರು. ಆ ಚಟ ಹಿಡಿಯದಿದ್ದರೆ ಮೂಕಜ್ಜಿಯವರೆಗೆ ಯಾರೂ ಬರುತ್ತಿರಲಿಲ್ಲ. ಬೈಂದೂರು ಕಡೆಯ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು (1918-1992) ಕನ್ನಡ ಕಾವ್ಯದ ದಾರಿಯನ್ನೇ ಬದಲಿಸಿದರು. ಕವಿತೆಯ ಪಾತ್ರಗಳನ್ನು ಹೆಸರು ಹಿಡಿದು ಕರೆಯಲು ಬಾರದ್ದರಿಂದ ಅವರನ್ನು ಇಲ್ಲಿ ಇಷ್ಟಕ್ಕೇ ಬಿಡುತ್ತೇನೆ.

ಅಕ್ಕು ಮತ್ತು ನಮ್ಮ ಮಾತು

ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿ, ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಓದಿದ ವೈದೇಹಿಯವರಿಗೆ ಆ ಹೆಸರು ಬಂದ ಬಗೆ ಸ್ವಾರಸ್ಯದ್ದು. 'ಸುಧಾ' ಪತ್ರಿಕೆಗೆ ಕಳಿಸಿದ ಕಥೆಯಲ್ಲಿ ನಿಜವಾಗಿ ನಡೆದ ಸಂಗತಿ ಇತ್ತು. ಪ್ರಕಟಿಸಬೇಡಿ ಎಂದು ಅವರು ಬರೆದರು. ಸಂಪಾದಕರು ಲೇಖಕಿಯ ಹೆಸರನ್ನು ವೈದೇಹಿ ಎಂದು ಬದಲಿಸಿ ಕಥೆಯನ್ನು ಅಚ್ಚು ಹಾಕಿದರು. ಆ ಲೇಖಕಿ ಅಂದಿನಿಂದ ವೈದೇಹಿ. ಪಾತ್ರಗಳು ಎಷ್ಟು ಹತ್ತಿರದವು ಎಂದರೆ ಬರೆದವರೇ ಹೆಸರು ಮರೆಸಿಕೊಳ್ಳಬೇಕಾಯಿತು.

ಅವರ ಅಕ್ಕು ಗಂಡ ಬಿಟ್ಟುಹೋದವಳು. ಮನೆಯವರ ಕಣ್ಣಿಗೆ ಬುದ್ಧಿ ಸರಿಯಿಲ್ಲದವಳು. ಆದರೆ ಮನೆಯಲ್ಲಿ ಯಾರೂ ಆಡಲಾರದ ಸತ್ಯ ಅವಳ ಬಾಯಿಂದಲೇ ಬರುತ್ತದೆ. ಅಕ್ಕು, ಅಮ್ಮಚ್ಚಿಯರ ಕಥೆಗಳಿಂದ 2018ರಲ್ಲಿ ಚಂಪಾ ಶೆಟ್ಟಿಯವರು 'ಅಮ್ಮಚ್ಚಿಯೆಂಬ ನೆನಪು' ಚಿತ್ರ ಮಾಡಿದರು. 'ಗುಲಾಬಿ ಟಾಕೀಸು' ಕಥೆಯ ಜಾಡು ಹಿಡಿದು ಗಿರೀಶ ಕಾಸರವಳ್ಳಿಯವರು ಮಾಡಿದ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯಾಗಿ ಉಮಾಶ್ರೀ ಅವರು ರಾಷ್ಟ್ರ ಪ್ರಶಸ್ತಿ ಪಡೆದರು. 2009ರಲ್ಲಿ 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ಕಥೆಗಳಿಂದ ನಮ್ಮ ತರಗತಿಗೆ ಆದ ಲಾಭ ಬೇರೆ. ಮನೆಯಲ್ಲಿ "ಎಂತ ಮಾಡ್ತಿದ್ರಿ", "ಹ್ವಾಯ್" ಎನ್ನುವ ಮಕ್ಕಳು ಶಾಲೆಯಲ್ಲಿ ಬಾಯಿ ಬಿಡಲು ಅಂಜುತ್ತಿದ್ದರು. ಘಟ್ಟದ ಮೇಲೆ ಕೆಲಸಕ್ಕೆ ಹೋದವರು ಮಾತಿನಿಂದಲೇ ಗೇಲಿಗೆ ಗುರಿಯಾದದ್ದೂ ಉಂಟು. ಕುಂದಾಪ್ರ ಕನ್ನಡ ಕಥೆಯ ಒಳಗೆ, ಪ್ರಶಸ್ತಿ ಬಂದ ಲೇಖಕಿಯ ಪುಸ್ತಕದಲ್ಲಿ ಕಂಡ ಮೇಲೆ ಹಿಂದಿನ ಬೆಂಚಿನ ಹುಡುಗನೂ ಎದ್ದು ನಿಂತು ಓದಿದ. ಈಗ ಆಸಾಡಿ ಅಮಾಸಿಯಂದು ಕುಂದಾಪ್ರ ಕನ್ನಡ ದಿನ ಆಚರಿಸುತ್ತಾರೆ. ಸಂತೋಷವೇ.

ಇನ್ನೂ ಬರೆಯದವರು

ಕಪಾಟಿನಲ್ಲಿ ಇನ್ನೂ ಜಾಗ ಖಾಲಿ ಇದೆ. ಏಳನೇ ಕ್ಲಾಸು ಮುಗಿಸಿ ಮುಂಬಯಿ ಬಸ್ಸು ಹತ್ತಿ ಹೋಟೆಲ್ ಮಾಣಿಯಾದವನು, ಹಗಲು ಮೇಜು ಒರೆಸಿ ಇರುಳು ರಾತ್ರಿಶಾಲೆಯಲ್ಲಿ ಕನ್ನಡ ಓದಿದವನು, ಹೆಂಚಿನ ಕಾರ್ಖಾನೆಯ ಕೂಲಿ, ಗೇರುಬೀಜ ಸುಲಿದು ಬೆರಳು ಕಪ್ಪಾದ ಹೆಂಗಸು, ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿ ಮಕ್ಕಳನ್ನು ಈ ಶಾಲೆಗೆ ಕಳಿಸಿದ ತಾಯಿ. ಇವರಲ್ಲಿ ಎಷ್ಟು ಮಂದಿ ಪುಸ್ತಕದಲ್ಲಿ ಬಂದಿದ್ದಾರೆ?

ಪಾರೋತಿಗೆ ಕಾರಂತರು ಸಿಕ್ಕಿದರು, ಅಕ್ಕುವಿಗೆ ವೈದೇಹಿ ಸಿಕ್ಕಿದರು. ಎಲ್ಲರಿಗೂ ಅಂಥ ಭಾಗ್ಯ ಇರುವುದಿಲ್ಲ. ಆದರೆ ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಅಕ್ಷರ ಕಲಿತು ಹೋದವರು ಸಾಕಷ್ಟಿದ್ದಾರೆ. ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವಕ್ಕೆ ಬರುವಾಗ ಶಾಲೆಗೆ ಹೋಗದ ನಿಮ್ಮ ಮನೆಯ ಹಿರಿಯರೊಬ್ಬರ ಬಗ್ಗೆ, ಅವರು ಆಡುವ ಮಾತಿನಲ್ಲಿಯೇ, ನಾಲ್ಕು ಹಾಳೆ ಬರೆದು ತನ್ನಿ. ಅಜ್ಜಿಗೆ ಓದಲು ಬಾರದಿದ್ದರೆ ಮೊದಲು ಅವರಿಗೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆ ಹಾಳೆಗಳನ್ನು ಹೊಲಿದು ರಟ್ಟು ಹಾಕಿ 'ಮರಳಿ ಮಣ್ಣಿಗೆ'ಯ ಪಕ್ಕದಲ್ಲಿ ಇಡುವ ಕೆಲಸವನ್ನು ಈಗಿನ ಕನ್ನಡ ಮೇಷ್ಟ್ರು ಒಪ್ಪಿಕೊಂಡಿದ್ದಾರೆ.