ಸುಲ್ತಾನರು ಹೋದರು, ಬಿದ್ರಿ ಉಳಿಯಿತು

ರಾಜಧಾನಿ ಬಿದ್ದರೆ ಅಲ್ಲಿನ ಕಸುಬುಗಳು ಏನಾಗುತ್ತವೆ? ಮಾದಿಹಳ್ಳಿ ಸುತ್ತಮುತ್ತಲಿನ ನಮಗೆ ಇದು ದೂರದ ಪ್ರಶ್ನೆಯಲ್ಲ. ಪಕ್ಕದ ಹಳೇಬೀಡು ಒಂದು ಕಾಲಕ್ಕೆ ಹೊಯ್ಸಳರ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರ್‌ನ ದಂಡು ಬಂತು. ಮುಂದೆ ದೆಹಲಿಯಿಂದ ಇನ್ನೊಂದು ದಾಳಿಯಾಗಿ ಊರು ಹಾಳಾಯಿತು. ಗುಡಿಗಳು ಉಳಿದವು. ಆದರೆ ಮಲ್ಲಿತಮ್ಮನಂಥ ರೂವಾರಿಗಳಿಗೆ ಕೆಲಸ ಕೊಡುತ್ತಿದ್ದ ಆಸ್ಥಾನವೇ ಇಲ್ಲವಾಗಿ, ಆ ಬಗೆಯ ಗುಡಿ ಕಟ್ಟುವುದು ನಿಂತುಹೋಯಿತು.

ರಾಜ್ಯದ ಇನ್ನೊಂದು ತುದಿಯ ಬೀದರ್‌ನಲ್ಲಿ ಹಾಗಾಗಲಿಲ್ಲ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ಸಾಗಿಸಿದ. ಜಂಬಿಟ್ಟಿಗೆ ಕಲ್ಲನ್ನೇ ಕೊರೆದು ಕಂದಕ ತೋಡಿಸಿ ಕೋಟೆ ಕಟ್ಟಿಸಿದ. ಬಹಮನಿಗಳ ನಂತರ ಬರೀದ್ ಶಾಹಿಗಳು, ಬಿಜಾಪುರದ ಆದಿಲ್ ಶಾಹಿಗಳು, ಮೊಘಲರು, ಹೈದರಾಬಾದಿನ ನಿಜಾಮರು ಒಬ್ಬರಾದ ಮೇಲೊಬ್ಬರು ಆಳಿದರು. ಇಷ್ಟೆಲ್ಲ ಆದರೂ ಊರಿನ ಓಣಿಗಳಲ್ಲಿ ಬಿದ್ರಿ ಸುತ್ತಿಗೆಯ ಸದ್ದು ನಿಲ್ಲಲಿಲ್ಲ.

ಬಿದ್ರಿ ಮಾಡುವ ಬಗೆ ಹೀಗೆ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಸುರಿಯುತ್ತಾರೆ. ತಣ್ಣಗಾದ ಮೇಲೆ ಅರ ಹಾಕಿ ಉಜ್ಜಿ ನುಣುಪು ಮಾಡುತ್ತಾರೆ. ನಂತರ ಮೈಲುತುತ್ತದ ನೀರು ಹಚ್ಚುತ್ತಾರೆ. ನಾವು ಬೋರ್ಡೋ ದ್ರಾವಣಕ್ಕೆ ಹಾಕುವುದೂ ಇದನ್ನೇ. ಆಗ ಮೇಲ್ಮೈ ಕಪ್ಪಾಗಿ, ಗೀರಿದ ಚಿತ್ತಾರ ಕಣ್ಣಿಗೆ ಕಾಣುತ್ತದೆ. ಉಳಿಯಿಂದ ಸಣ್ಣ ಕಾಲುವೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪು ಹೋಗುತ್ತದೆ, ಬೆಳ್ಳಿಯೂ ಲೋಹವೂ ಒಂದೇ ಬಣ್ಣ.

ಕೊನೆಗೆ ಬರುವುದೇ ಕೋಟೆಯ ಮಣ್ಣು. ಮಳೆ, ಬಿಸಿಲು ಕಾಣದ ಹಳೆಯ ಮೂಲೆಯ ಮಣ್ಣೇ ಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಆ ಮಣ್ಣು, ನವಸಾಗರ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಪ್ಪು ಶಾಶ್ವತ.

ಇದು ಉಳಿದದ್ದು ಯಾಕೆ? ಗುಡಿ ಕಟ್ಟಿಸಲು ದೊಡ್ಡ ಬೊಕ್ಕಸವೇ ಬೇಕು. ಹುಕ್ಕಾ ಬುಡ, ಪಾನ್‌ದಾನ್, ಹೂಜಿಗಳನ್ನು ಕೊಳ್ಳಲು ಒಬ್ಬ ಉಳ್ಳವನು ಸಾಕು. ಆಳುವವರು ಬದಲಾದರೂ ಕೊಳ್ಳುವವರು ಸಿಕ್ಕರು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಬಿದ್ರಿ ಹೋಗಿತ್ತು.

ಜಪಾನಿನ ತಕಾವೊಕದ ಕಥೆಯೂ ಇಂಥದ್ದೇ. ಮಯೆದಾ ತೊಶಿನಾಗ 1609ರಲ್ಲಿ ಅಲ್ಲಿ ಕೋಟೆ ಕಟ್ಟಿಸಿ, 1611ರಲ್ಲಿ ಏಳು ಮಂದಿ ಎರಕದವರನ್ನು ಕರೆಸಿ ನೆಲೆ ಕೊಟ್ಟ. ಕೆಲವೇ ವರ್ಷಗಳಲ್ಲಿ ಸರ್ಕಾರದ ಆಜ್ಞೆಯಂತೆ ಆ ಕೋಟೆಯನ್ನೇ ಕೈಬಿಡಬೇಕಾಯಿತು. ಎರಕದವರು ಮಾತ್ರ ಊರು ಬಿಡಲಿಲ್ಲ. ಇಂದಿಗೂ ತಕಾವೊಕ ಎಂದರೆ ಕಂಚಿನ ಕೆಲಸ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬೀದರ್‌ನ ಷಾ ರಷೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ನಮ್ಮ ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿ ಸೇರಿದವು. ಆದರೆ ಪ್ರಶಸ್ತಿಯಿಂದ ಬೆಳ್ಳಿಯ ದರ ಇಳಿಯುವುದಿಲ್ಲ, ಕೋಟೆಯ ಹಳೆ ಮಣ್ಣೂ ಹೊಸದಾಗಿ ಹುಟ್ಟುವುದಿಲ್ಲ. ದಿನವಿಡೀ ಕೂತು ಬಡಿಯುವ ಕೆಲಸಕ್ಕೆ ಪಟ್ಟಣದ ಸಂಬಳದಷ್ಟು ಕೂಲಿ ಹುಟ್ಟದಿದ್ದರೆ ಮಕ್ಕಳು ಕಲಿಯುವುದೂ ಕಷ್ಟ.

ಬೀದರ್‌ಗೆ ಹೋದರೆ ಕೋಟೆ ನೋಡಿ ಹಾಗೇ ಬಸ್ ಹತ್ತಬೇಡಿ. ಊರೊಳಗಿನ ಬಿದ್ರಿ ಕೆಲಸದ ಅಂಗಡಿಗೆ ಹೋಗಿ, ಇನ್ನೂ ಕಪ್ಪಾಗದ ಒಂದು ವಸ್ತುವನ್ನು ತೋರಿಸಿ ಎಂದು ಕೇಳಿ. ಅದನ್ನು ಕೈಯಲ್ಲಿ ಹಿಡಿದ ಮೇಲೆ ಬೆಲೆ ಮಾತಾಡಿ.