ಜಪಾನ್ ಮೊಟ್ಟೆ ತಿನ್ನಲು ಕಲಿತ ಬಗೆ

ಇಜುಮಿ ಪ್ರಾಂತ್ಯದ ಯುವಕನೊಬ್ಬನಿಗೆ ಹಕ್ಕಿಯ ಮೊಟ್ಟೆ ಬೇಯಿಸಿಕೊಂಡು ತಿನ್ನುವ ಚಟ. ಒಂದು ದಿನ ಗುರುತಿಲ್ಲದ ಸಿಪಾಯಿಯೊಬ್ಬ ಬಂದು, ಮೇಲಿನಿಂದ ಕರೆ ಬಂದಿದೆ ಎಂದು ಹೇಳಿ ಅವನನ್ನು ಗೋಧಿಯ ಹೊಲಕ್ಕೆ ನೂಕಿದ. ಬೇರೆಯವರ ಕಣ್ಣಿಗೆ ಅದು ಬೆಳೆದು ನಿಂತ ಪೈರು, ಅವನಿಗೆ ಮಾತ್ರ ಹೊಲ ತುಂಬ ಬೆಂಕಿ. ಕಾಲು ಸುಡುತ್ತಿದೆ ಎಂದು ಕೂಗುತ್ತ ಓಡಾಡುತ್ತಿದ್ದವನನ್ನು ಸೌದೆಗೆ ಬಂದ ಹಳ್ಳಿಗನೊಬ್ಬ ಎಳೆದು ಹೊರಗೆ ತಂದ. ಅಷ್ಟರಲ್ಲಿ ಕಾಲಿನ ಮಾಂಸ ಬೆಂದುಹೋಗಿ ಮೂಳೆ ಉಳಿದಿತ್ತು. ಮರುದಿನ ಅವನು ಸತ್ತ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಕ್ಯೋಕೈ ಎಂಬ ಬೌದ್ಧ ಭಿಕ್ಷು ಸಂಕಲಿಸಿದ ‘ನಿಹೋನ್ ರ್ಯೋಯಿಕಿ’ ಈ ಕಥೆಯನ್ನು ಕರ್ಮಫಲದ ಸಾಕ್ಷಿಯಾಗಿ ಹೇಳುತ್ತದೆ.

ಮೊಟ್ಟೆ ತಿಂದವನಿಗೆ ಇಂಥ ಶಿಕ್ಷೆ ವಿಧಿಸಿದ ದೇಶದಲ್ಲಿ ಇಂದು ತಲೆಗೆ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಖರ್ಚಾಗುತ್ತದೆ. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು, ಸೋಯಾ ಸಾಸ್ ಹನಿಸಿ, ಕಲಸಿ ತಿನ್ನುವುದು ಅಲ್ಲಿ ಮನೆಮನೆಯ ಬೆಳಗಿನ ಊಟ. ‘ನನಗೆ ಮೊಟ್ಟೆ ಹೀಗೇ ಇರಬೇಕು’ ಎಂದು ಹಟ ಹಿಡಿಯುವ ಪ್ರತಿ ನಾಲಿಗೆಯ ಹಿಂದೆ ರಾಜಾಜ್ಞೆ, ಹಡಗು, ಸಕ್ಕರೆ, ಬೆಲೆಗಳ ಕೈವಾಡ ಎಷ್ಟಿರುತ್ತದೆ ಎಂಬುದನ್ನು ಜಪಾನಿನಷ್ಟು ಚೆನ್ನಾಗಿ ತೋರಿಸುವ ದೇಶ ವಿರಳ.

675ರಲ್ಲಿ ತೆನ್ಮು ಚಕ್ರವರ್ತಿ ಹೊರಡಿಸಿದ ಆಜ್ಞೆ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ನಾಲ್ಕನೆಯ ತಿಂಗಳಿಂದ ಒಂಬತ್ತನೆಯ ತಿಂಗಳವರೆಗೆ, ಅಂದರೆ ಬೇಸಾಯದ ಕಾಲದಲ್ಲಿ, ನಿಷೇಧಿಸಿತು. ಮೊಟ್ಟೆಯ ಹೆಸರು ಅದರಲ್ಲಿ ಇರಲಿಲ್ಲ. ಆದರೂ ಬೆಳಗನ್ನು ಸಾರುವ ಕೋಳಿಯ ಮೇಲಿನ ಗೌರವ ಮತ್ತು ಜೀವಹತ್ಯೆಯ ಭಯ ಎರಡೂ ಸೇರಿ ಮೊಟ್ಟೆಯನ್ನು ಶತಮಾನಗಳ ಕಾಲ ಅಡುಗೆಮನೆಯ ಹೊಸ್ತಿಲಾಚೆಗೇ ನಿಲ್ಲಿಸಿದವು.

ಹೊಸ್ತಿಲು ದಾಟಿಸಿದವರಲ್ಲಿ ಪರದೇಶಿಗಳ ಪಾಲು ದೊಡ್ಡದು. 1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ದ್ವೀಪಕ್ಕೆ ಬಂದಿಳಿದರು. 1571ರಲ್ಲಿ ನಾಗಸಾಕಿ ಬಂದರು ಅವರ ವ್ಯಾಪಾರಕ್ಕೆ ತೆರೆಯಿತು. ಅವರ ಜೊತೆ ಮೊಟ್ಟೆ, ಹಿಟ್ಟು, ಸಕ್ಕರೆಯ ಕೇಕ್ ಬಂತು. ಇಂದಿಗೂ ನಾಗಸಾಕಿಯ ಹೆಮ್ಮೆಯಾಗಿರುವ ‘ಕಾಸುತೆರಾ’ ಅದರ ಸಂತಾನ. ಹಳದಿ ಭಾಗವನ್ನು ಕುದಿಯುವ ಸಕ್ಕರೆ ಪಾಕಕ್ಕೆ ಸಣ್ಣಗೆ ಸುರಿದು ಶಾವಿಗೆಯಂತೆ ಎಳೆಯುವ ತಿಂಡಿಯೂ ಅವರದೇ. ಅದು ಹಕಾತಾದಲ್ಲಿ ‘ಕೇರನ್ ಸೋಮೆನ್’ ಆಯಿತು, ಥಾಯ್ಲೆಂಡಿನಲ್ಲಿ ‘ಫೋಯ್ ಥೋಂಗ್’ ಆಯಿತು. ಜಪಾನಿನ ಮೊಟ್ಟೆಗೆ ಸಿಹಿಯ ನಂಟು ಹೀಗೆ ಗಟ್ಟಿಯಾಯಿತು.

1626ರಲ್ಲಿ ಗೋ-ಮಿಜುನೋ ಚಕ್ರವರ್ತಿ ಕ್ಯೋಟೋದ ನಿಜೋ ಕೋಟೆಗೆ ಭೇಟಿಯಿತ್ತಾಗ ಬಡಿಸಿದ ಪದಾರ್ಥಗಳಲ್ಲಿ ‘ತಮಾಗೋ ಫುವಾಫುವಾ’ ಇತ್ತು: ಮೊಟ್ಟೆಯನ್ನು ನೊರೆ ಬರುವಂತೆ ಕಡೆದು, ಕುದಿಯುವ ತಿಳಿಸಾರಿಗೆ ಒಮ್ಮೆಗೇ ಸುರಿದು, ಮುಚ್ಚಳ ಹಾಕಿ ಉಬ್ಬಿಸುವ ಅಡುಗೆ. 1643ರ ‘ರ್ಯೋರಿ ಮೊನೊಗತಾರಿ’ ಎಂಬ ಪಾಕಗ್ರಂಥದಲ್ಲೂ ಅದರ ಹೆಸರಿದೆ. ಚಕ್ರವರ್ತಿಯ ತಟ್ಟೆಯಲ್ಲಿದ್ದದ್ದು 1813ರ ಹೊತ್ತಿಗೆ ತೊಕಾಯ್ದೊ ಹೆದ್ದಾರಿಯ ಫುಕುರೊಯಿ ತಂಗುದಾಣದಲ್ಲಿ ಪ್ರಯಾಣಿಕರ ಬೆಳಗಿನ ಊಟಕ್ಕೆ ಬಂದಿತ್ತೆಂದು ಒಸಾಕಾದ ವ್ಯಾಪಾರಿಯೊಬ್ಬರ ದಿನಚರಿ ತಿಳಿಸುತ್ತದೆ.

ಮೊಟ್ಟೆಯ ಮೇಲಿನ ಮೋಹ ತುದಿ ಮುಟ್ಟಿದ್ದು 1785ರಲ್ಲಿ. ಆ ವರ್ಷ ಪ್ರಕಟವಾದ ‘ಮಾನ್ಪೋ ರ್ಯೋರಿ ಹಿಮಿತ್ಸುಬಾಕೊ’ ಗ್ರಂಥದಲ್ಲಿ ಮೊಟ್ಟೆಯ ಅಡುಗೆಗಳೇ 103. ಅವುಗಳಲ್ಲಿ ಒಂದು ಓದುಗರನ್ನು ಇಂದಿಗೂ ಬೆರಗುಗೊಳಿಸುತ್ತದೆ. ಹೊಸ ಮೊಟ್ಟೆಗೆ ಸೂಜಿಯಿಂದ ತೂತು ಮಾಡಿ, ತವುಡಿನ ಉಪ್ಪಿನಕಾಯಿ ಹದದಲ್ಲಿ ಮೂರು ದಿನ ಹೂತಿಟ್ಟು, ತೊಳೆದು ಬೇಯಿಸಿದರೆ ಹಳದಿ ಹೊರಗೆ, ಬಿಳಿ ಒಳಗೆ! ಬಹುಕಾಲ ಇದನ್ನು ಯಾರಿಂದಲೂ ಮಾಡಲಾಗಲಿಲ್ಲ. ಕೊನೆಗೆ ಕ್ಯೋಟೋದ ಸಂಶೋಧಕರು ಗುಟ್ಟು ಹಿಡಿದರು: ಬೇಕಾದದ್ದು ಹುಂಜದ ಸಂಪರ್ಕವಿರುವ ಮೊಟ್ಟೆ. ಅದನ್ನು ಮೂರು ದಿನ ಕಾವಿನಲ್ಲಿಟ್ಟರೆ ಹಳದಿ ಭಾಗ ನೀರು ಹೀರಿ ತೆಳುವಾಗುತ್ತದೆ, ಸ್ಥಾನ ಬದಲಿಸಲು ಸಿದ್ಧವಾಗುತ್ತದೆ. ಅಂಗಡಿಯ ಮೊಟ್ಟೆಯಲ್ಲಿ ಅದು ಆಗದು. ಹಳೆಯ ಲೇಖಕ ಬರೆದದ್ದು ಸುಳ್ಳಾಗಿರಲಿಲ್ಲ.

ಆದರೆ ಈ ವೈಭವ ಬಡವರಿಗೆ ದೂರವೇ ಇತ್ತು. 1837ರಿಂದ ನಗರಜೀವನದ ವಿವರಗಳನ್ನು ಬರೆದಿಡತೊಡಗಿದ ಕಿತಗಾವಾ ಮೊರಿಸದಾ, ಬೇಯಿಸಿದ ಒಂದು ಮೊಟ್ಟೆಯ ಬೆಲೆ ಸುಮಾರು 20 ಮೋನ್ ಎನ್ನುತ್ತಾರೆ. ಆಗ ಒಂದು ಬಟ್ಟಲು ಸೋಬಾ ನೂಡಲ್ಸ್ 16 ಮೋನಿಗೆ ಸಿಗುತ್ತಿತ್ತು. ಮೊಟ್ಟೆ ಮಾರುವವನು ‘ತಮಾಗೋ, ತಮಾಗೋ’ ಎಂದು ಸರಿಯಾಗಿ ಎರಡೇ ಸಲ ಕೂಗುತ್ತಾನೆ, ಒಂದು ಸಲವೂ ಅಲ್ಲ, ಮೂರು ಸಲವೂ ಅಲ್ಲ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಬೀದಿಯ ದನಿಗೂ ಇಷ್ಟು ಕಿವಿಗೊಟ್ಟ ಇಂಥ ಬರಹಗಾರರಿಂದಲೇ ಅಡುಗೆಯ ಚರಿತ್ರೆ ಉಳಿದಿದೆ. ‘ನಾಗಯಾ ನೋ ಹನಾಮಿ’ ಎಂಬ ರಕುಗೊ ಹಾಸ್ಯಕಥೆಯಲ್ಲಿ ಹೂ ನೋಡಲು ಹೊರಟ ವಠಾರದ ಬಡವರು ಬುತ್ತಿಗೆ ಮೊಟ್ಟೆಯ ಸುರುಳಿಯ ಬದಲು ಹಳದಿ ಮೂಲಂಗಿ ಉಪ್ಪಿನಕಾಯಿ ಕಟ್ಟಿಕೊಳ್ಳುತ್ತಾರೆ. ಕೇಳುವವರು ನಗುತ್ತಾರೆ, ಆದರೆ ಮೊಟ್ಟೆಯ ಬೆಲೆ ಎಷ್ಟು ಕೈಗೆಟುಕದ್ದಾಗಿತ್ತು ಎಂಬುದೂ ಆ ಬುತ್ತಿಯಲ್ಲೇ ಇದೆ.

ಆ ಸುರುಳಿಯ ವಿಷಯದಲ್ಲಂತೂ ದೇಶ ಇಬ್ಭಾಗ. ಎಡೊ, ಅಂದರೆ ಇಂದಿನ ಟೋಕಿಯೊ ಕಡೆಯವರಿಗೆ ಸಕ್ಕರೆ ಹಾಕಿ, ಮೇಲೆ ಕಂದುಬಣ್ಣ ಬರುವಂತೆ ಸುಟ್ಟ ದಪ್ಪನೆಯ ‘ತಮಾಗೊಯಾಕಿ’ ಬೇಕು. ಕ್ಯೋಟೋ, ಒಸಾಕಾದವರಿಗೆ ತಿಳಿಸಾರು ತುಂಬಿಕೊಂಡು ನಡುಗುವ, ಬಣ್ಣ ಬಾರದ ‘ದಾಶಿಮಾಕಿ’ ಬೇಕು. ಕಾರಣ ಹುಡುಕಿದರೆ ಹಡಗಿನ ದಾರಿ ಸಿಗುತ್ತದೆ. ಉತ್ತರದ ಎಜೊ (ಇಂದಿನ ಹೊಕ್ಕೈಡೊ) ಕಡಲಿನ ಕೊಂಬು ಎಂಬ ಪಾಚಿಯನ್ನು ಹೊತ್ತ ಹಡಗುಗಳು ಪಶ್ಚಿಮ ತೀರ ಬಳಸಿ ಒಸಾಕಾ ಸೇರುತ್ತಿದ್ದವು. ಅಲ್ಲಿನ ಅಡುಗೆ ಕೊಂಬು ಸಾರಿನ ಮೇಲೆ ನಿಂತಿತು. ಎಡೊ ನಗರಕ್ಕೆ ನೋದಾ, ಚೋಶಿ ಊರುಗಳ ಗಾಢ ಸೋಯಾ ಸಾಸ್ ಹತ್ತಿರದಲ್ಲಿತ್ತು, ನಾಲಿಗೆಗೆ ಕಡುರುಚಿ ಒಗ್ಗಿತು. ಬಾಣಲೆಗಳೂ ಬೇರೆಯಾದವು: ಪೂರ್ವದಲ್ಲಿ ಚೌಕ, ಪಶ್ಚಿಮದಲ್ಲಿ ಉದ್ದ. ಸಾರು ತುಂಬಿದ ಮೆದು ಮೊಟ್ಟೆಯನ್ನು ಒಡೆಯದಂತೆ ಸುತ್ತುತ್ತ ಹೋಗಲು ಉದ್ದದ ಬಾಣಲೆಯೇ ಅನುಕೂಲ.

ಹಸಿ ಮೊಟ್ಟೆಯ ಅನ್ನವನ್ನು ಜನಪ್ರಿಯಗೊಳಿಸಿದ ಕೀರ್ತಿ ಮೇಜಿ ಕಾಲದ ಪತ್ರಕರ್ತ ಕಿಶಿದಾ ಗಿನ್ಕೊ ಅವರದೆಂಬ ಪ್ರತೀತಿ. 1874ರ ತೈವಾನ್ ದಂಡಯಾತ್ರೆಗೆ ವರದಿಗಾರರಾಗಿ ಹೋಗಿದ್ದವರು ಅವರು. ಅವರು ಹುಟ್ಟಿದ ಸೀಮೆಯಾದ ಒಕಾಯಾಮಾದ ಮಿಸಾಕಿ ಪಟ್ಟಣ 2008ರಲ್ಲಿ ಈ ಅನ್ನಕ್ಕೆಂದೇ ಉಪಾಹಾರ ಗೃಹ ತೆರೆಯಿತು. 1891ರಲ್ಲಿ ಟೋಕಿಯೊದ ‘ತಮಾಹಿದೆ’ ಹೋಟೆಲು ಕೋಳಿಯನ್ನೂ ಅರೆಬೆಂದ ಮೊಟ್ಟೆಯನ್ನೂ ಒಂದೇ ಬಟ್ಟಲಿಗೆ ತಂದಿತು.

ಎರಡನೆಯ ಮಹಾಯುದ್ಧದ ನಂತರ ಕೋಳಿಸಾಕಣೆ ಕಾರ್ಖಾನೆಯ ಮಟ್ಟಕ್ಕೆ ಬೆಳೆದು ಮೊಟ್ಟೆ ಅಗ್ಗವಾಯಿತು. 1960ರ ದಶಕದಲ್ಲಿ ಮಕ್ಕಳ ಮೆಚ್ಚಿನ ಮೂರನ್ನು ಒಟ್ಟಿಗೆ ಹೇಳುವ ಮಾತೊಂದು ಹುಟ್ಟಿತು: ಜೈಂಟ್ಸ್ ಬೇಸ್‌ಬಾಲ್ ತಂಡ, ಸುಮೊ ಮಲ್ಲ ತಾಯ್ಹೊ, ತಮಾಗೊಯಾಕಿ. ವಠಾರದ ಬಡವರು ಮೂಲಂಗಿಯಲ್ಲಿ ಕಲ್ಪಿಸಿಕೊಂಡ ತಿಂಡಿ ಎಲ್ಲ ಮಕ್ಕಳ ಬುತ್ತಿಗೂ ಬಂದಿತ್ತು.

ಹಸಿ ತಿನ್ನುವ ಧೈರ್ಯದ ಹಿಂದೆ ಕಠಿಣ ದುಡಿಮೆಯಿದೆ. ಸಾಲ್ಮೊನೆಲ್ಲಾ ಸೋಂಕಿನ ಭೀತಿಯ ನಂತರ 1999ರಿಂದ ಮೊಟ್ಟೆಯ ಪೊಟ್ಟಣದ ಮೇಲೆ ಗಡುವಿನ ದಿನಾಂಕ ಕಡ್ಡಾಯವಾಯಿತು. ಆ ದಿನಾಂಕ ಹೇಳುವುದು ಎಂದಿನವರೆಗೆ ಹಸಿಯಾಗಿ ತಿನ್ನಬಹುದೆಂಬುದನ್ನು. ಅದು ಕಳೆದರೆ ಬೇಯಿಸಿ ತಿನ್ನಬೇಕು. ಮೊಟ್ಟೆಗಳನ್ನು ತೊಳೆದು, ಸೋಂಕು ಕಳೆದು, ಬಿರುಕು ಪರೀಕ್ಷಿಸಿಯೇ ಅಂಗಡಿಗೆ ಕಳಿಸುತ್ತಾರೆ. 2002ರಲ್ಲಿ ಶಿಮಾನೆ ಜಿಲ್ಲೆಯ ಯೊಶಿದಾ ಎಂಬ ಹಳ್ಳಿ ಹಸಿ ಮೊಟ್ಟೆಯ ಅನ್ನಕ್ಕೆಂದೇ ‘ಒತಮಾಹನ್’ ಎಂಬ ಸೋಯಾ ಸಾಸ್ ತಯಾರಿಸಿತು. ಅದರಲ್ಲೂ ಎರಡು ಬಗೆಯ ಬಾಟಲಿಗಳಿವೆ: ಒಂದು ಪೂರ್ವದವರ ರುಚಿಗೆ, ಇನ್ನೊಂದು ಪಶ್ಚಿಮದವರ ರುಚಿಗೆ.