ಬೆಟ್ಟದಿಂದ ಬೆಟ್ಟಕ್ಕೆ: ಸೈನ್ ನಿಯಮ ನಾಡನ್ನು ಅಳೆದ ಬಗೆ

ಮಾಗಡಿಗೂ ಕುಣಿಗಲ್ಲಿಗೂ ನಡುವೆ ಇರುವ ಹುತ್ರಿದುರ್ಗದ ನೆತ್ತಿಯ ಮೇಲೆ ನಿಂತು, ಮಂಜಿಲ್ಲದ ದಿನ ಸುತ್ತಲೂ ನೋಡಿ. ಪೂರ್ವದ ಕಡೆ ಸಾವನದುರ್ಗದ ಹೆಬ್ಬಂಡೆ, ಉತ್ತರದ ಕಡೆ ಶಿವಗಂಗೆಯ ಶಿಖರ ಕಾಣುತ್ತವೆ. ಅವು ಇಲ್ಲಿಂದ ಎಷ್ಟು ದೂರ? ಟೇಪು ಹಿಡಿದು ಹೊರಟರೆ ನಡುವೆ ಕೆರೆ, ತೋಟ, ಕುರುಚಲು ಕಾಡು, ಕಣಿವೆಗಳು ಅಡ್ಡ ಬರುತ್ತವೆ. ಆದರೂ ಬೆಟ್ಟದಿಂದ ಇಳಿಯದೆಯೇ ಈ ದೂರಗಳನ್ನು ತಿಳಿಯಲು ಒಂದು ದಾರಿಯಿದೆ. ಪದವಿಪೂರ್ವ ತರಗತಿಯಲ್ಲಿ ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಸೈನ್ ನಿಯಮ ಮತ್ತು ಕೊಸೈನ್ ನಿಯಮಗಳೇ ಆ ದಾರಿ. ಎರಡು ಶತಮಾನಗಳ ಹಿಂದೆ ನಮ್ಮ ನಾಡಿನ ನಕ್ಷೆಗೆ ಬುನಾದಿ ಹಾಕಿದ್ದೂ ಇವೇ.

ಕೋಟೆಯ ಬೆಟ್ಟಗಳು, ಅಳತೆಯ ಬೆಟ್ಟಗಳು

ಸಮುದ್ರಮಟ್ಟದಿಂದ ಸುಮಾರು 1130 ಮೀಟರ್ ಎತ್ತರದಲ್ಲಿರುವ ಹುತ್ರಿದುರ್ಗದ ಕೋಟೆಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿ. ದೂರದಿಂದ ಬರುವ ಶತ್ರುವನ್ನು ಮೊದಲೇ ಕಾಣಬೇಕೆಂಬುದು ಇಂಥ ಬೆಟ್ಟಗಳಲ್ಲಿ ಕೋಟೆ ಕಟ್ಟಲು ಒಂದು ಮುಖ್ಯ ಕಾರಣ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೇನೆ ಮೊದಲು ಸಾವನದುರ್ಗವನ್ನೂ ಕೆಲವೇ ದಿನಗಳಲ್ಲಿ ಹುತ್ರಿದುರ್ಗವನ್ನೂ ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರ ಕೈಯಲ್ಲಿ ವಿಶಾಲವಾದ ನಾಡಿತ್ತು, ನೆಚ್ಚಬಹುದಾದ ನಕ್ಷೆ ಇರಲಿಲ್ಲ.

ಆ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಭುಜಗಳಿಂದ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರ ರೇಖೆಯನ್ನು ಅಳೆದ. ಒಳ್ಳೆಯ ಉಪಕರಣಗಳು ಬಂದ ಮೇಲೆ, 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಕೆಲಸವನ್ನು ಹೊಸದಾಗಿ ಆರಂಭಿಸಿದ. ಮುಂದೆ ಹಿಮಾಲಯದವರೆಗೆ ಹಬ್ಬಿದ 'ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ' ಬೆಳೆದದ್ದು ಈ ಬೀಜದಿಂದ. ಒಂದು ಕಾಲಕ್ಕೆ ಪಹರೆಗೆ ಒದಗಿದ ದುರ್ಗಗಳು ಈಗ ಅಳತೆಗೆ ಒದಗಿದವು. ಹುತ್ರಿದುರ್ಗದಿಂದ ಕಾಣುವ ಸಾವನದುರ್ಗ ಲ್ಯಾಂಬ್ಟನ್ನನ ಠಾಣೆಗಳಲ್ಲಿ ಒಂದಾಗಿತ್ತು.

ನಿಯಮಗಳ ಹಿನ್ನೆಲೆ

ಈ ನಿಯಮಗಳು ಲ್ಯಾಂಬ್ಟನ್ನನಿಗಿಂತ ಬಹಳ ಹಳೆಯವು. ಬಿಲ್ಲಿನ ಹೆದೆಗೆ 'ಜ್ಯಾ' ಎಂದು ಹೆಸರು. ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿದ ನಮ್ಮ ಗಣಿತಜ್ಞರು ಅರ್ಧ ಹೆದೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಜ್ಯಾ ಪದ ಅರಬ್ಬೀ ಭಾಷೆಯ ಮೂಲಕ ಯುರೋಪಿಗೆ ಹೋಗುವಾಗ ರೂಪ ಕೆಟ್ಟು, ಅರ್ಥವೂ ತಪ್ಪಿ 'ಸೈನಸ್' ಆಯಿತು. ಬ್ರಹ್ಮಗುಪ್ತ 628ರಲ್ಲಿ, ತ್ರಿಭುಜದ ಎರಡು ಬಾಹುಗಳ ಗುಣಲಬ್ಧವನ್ನು ಲಂಬದ ಎರಡರಷ್ಟರಿಂದ ಭಾಗಿಸಿದರೆ ಪರಿವೃತ್ತದ ತ್ರಿಜ್ಯ ಸಿಗುತ್ತದೆ ಎಂದು ಹೇಳಿದ್ದಾನೆ. ಇದನ್ನು ತುಸು ತಿರುಗಿಸಿ ಬರೆದರೆ ಸೈನ್ ನಿಯಮವೇ ಸಿಗುತ್ತದೆ. ಅದನ್ನು ಇಂದಿನ ರೂಪಕ್ಕೆ ಹತ್ತಿರವಾಗಿ ನಿರೂಪಿಸಿ ಸಾಧಿಸಿದವನು 13ನೆಯ ಶತಮಾನದ ನಾಸಿರುದ್ದೀನ್ ತೂಸಿ. ಕೊಸೈನ್ ನಿಯಮದ ಬೇರು ಯೂಕ್ಲಿಡನ ಎರಡನೆಯ ಪುಸ್ತಕದಲ್ಲಿದೆ. ಫ್ರಾನ್ಸಿನಲ್ಲಿ ಇಂದಿಗೂ ಅದಕ್ಕೆ ಅಲ್‌ ಕಾಶಿಯ ಹೆಸರಿದೆ.

ಇಷ್ಟು ಹಳೆಯ ಗಣಿತವನ್ನು ನೆಲದ ಅಳತೆಗೆ ಹೂಡುವ ವಿಧಾನವನ್ನು 1533ರಲ್ಲಿ ಗೆಮ್ಮಾ ಫ್ರಿಸಿಯಸ್ ವಿವರಿಸಿದ. ಸ್ನೆಲ್ ಅದನ್ನು ಹಾಲೆಂಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿ, 1617ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ. ವಿಧಾನದ ತಿರುಳು ಇಷ್ಟೇ: ಉದ್ದವನ್ನು ನೆಲದ ಮೇಲೆ ಒಂದು ಸಲ ಮಾತ್ರ, ಬಹಳ ಎಚ್ಚರದಿಂದ ಅಳೆಯಿರಿ. ಆಮೇಲೆ ಕೋನಗಳನ್ನಷ್ಟೇ ಅಳೆಯಿರಿ.

ಲೆಕ್ಕ ಮಾಡಿ ನೋಡೋಣ

ಹುತ್ರಿದುರ್ಗವನ್ನು 'ಹು', ಸಾವನದುರ್ಗವನ್ನು 'ಸಾ', ಶಿವಗಂಗೆಯನ್ನು 'ಶಿ' ಎನ್ನೋಣ. ಸಾಶಿ ದೂರ 28 ಕಿ.ಮೀ. ಎಂದು ಮೊದಲೇ ಗೊತ್ತಿರಲಿ. ಸಾವನದುರ್ಗದಲ್ಲಿ ನಿಂತು ಉಳಿದೆರಡು ಬೆಟ್ಟಗಳ ನಡುವಿನ ಕೋನ ಅಳೆದಾಗ 61°, ಶಿವಗಂಗೆಯಲ್ಲಿ 41° ಬಂದಿತೆನ್ನಿ. (ಲೆಕ್ಕದ ಅನುಕೂಲಕ್ಕಾಗಿ ಇವು ದುಂಡು ಅಂಕಿಗಳು, ಸರ್ವೇಕ್ಷಣೆಯ ಫಲಿತಾಂಶಗಳಲ್ಲ.) ಹುತ್ರಿದುರ್ಗದ ಕೋನ 180° − 61° − 41° = 78°.

ಸೈನ್ ನಿಯಮದಂತೆ:

ಹುಸಾ ÷ ಸೈನ್ 41° = ಹುಶಿ ÷ ಸೈನ್ 61° = 28 ÷ ಸೈನ್ 78°

ಹುಸಾ = 28 × 0.6561 ÷ 0.9781 = 18.78 ಕಿ.ಮೀ.

ಹುಶಿ = 28 × 0.8746 ÷ 0.9781 = 25.04 ಕಿ.ಮೀ.

ನೀವು ಹುತ್ರಿದುರ್ಗಕ್ಕೆ ಕಾಲಿಡದೆಯೇ ಅದರ ದೂರ ಸಿಕ್ಕಿತು. ಈಗ ಹುಶಿ ರೇಖೆಯೇ ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಒಂದರ ಬೆನ್ನಿಗೆ ಇನ್ನೊಂದು ತ್ರಿಭುಜ ಹೆಣೆಯುತ್ತ ಹೋಗಬಹುದು.

ಎರಡು ಬಾಹುಗಳೂ ಅವುಗಳ ನಡುವಿನ ಕೋನವೂ ತಿಳಿದಿದ್ದಾಗ ಸೈನ್ ನಿಯಮ ನೇರವಾಗಿ ಕೈಹಿಡಿಯದು. ಆಗ ಕೊಸೈನ್ ನಿಯಮ ಬೇಕು. ಮೇಲಿನ ಉತ್ತರವನ್ನು ಅದರಿಂದ ತಾಳೆ ನೋಡಿ:

ಸಾಶಿ² = 18.78² + 25.04² − 2 × 18.78 × 25.04 × ಕೊಸೈನ್ 78°

ಬಲಭಾಗ ಸುಮಾರು 784. ಅದರ ವರ್ಗಮೂಲ 28. ಲೆಕ್ಕ ಸರಿಹೋಯಿತು.

ಹಾಗಾದರೆ ಸರ್ವೇಯರುಗಳು ಸೈನ್ ನಿಯಮವನ್ನೇ ಹೆಚ್ಚು ನೆಚ್ಚಿದ್ದೇಕೆ? ಒಂದು, ಅವರು ಅಳೆಯುತ್ತಿದ್ದದ್ದು ಕೋನಗಳನ್ನು. ಎರಡು, ಲಾಗರಿತಮ್ ಕೋಷ್ಟಕಗಳು. ಸೈನ್ ನಿಯಮದಲ್ಲಿ ಇರುವುದು ಗುಣಾಕಾರ, ಭಾಗಾಕಾರ ಮಾತ್ರ. ಲಾಗರಿತಮ್ ಅವನ್ನು ಸಂಕಲನ, ವ್ಯವಕಲನಗಳಾಗಿ ಇಳಿಸುತ್ತದೆ. ಕೊಸೈನ್ ನಿಯಮದಲ್ಲಿ ಕೂಡುವುದು, ಕಳೆಯುವುದು ಬೆರೆತಿರುವುದರಿಂದ ನಡುನಡುವೆ ಮತ್ತೆ ಮೂಲ ಸಂಖ್ಯೆಗೆ ಮರಳಬೇಕು. ಸಾವಿರಾರು ಲೆಕ್ಕಗಳನ್ನು ಕೈಯಲ್ಲೇ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಯಾವ ತ್ರಿಭುಜವನ್ನು ನಂಬಬಹುದು?

ಕೋನದಲ್ಲಿ ಒಂದು ಮಿನಿಟಿನಷ್ಟು, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ತಪ್ಪಾದರೆ ಏನಾಗುತ್ತದೆ? ದೂರವನ್ನು 3438ರಿಂದ ಭಾಗಿಸಿ. 25 ಕಿ.ಮೀ. ದೂರದ ಬೆಟ್ಟ ಸುಮಾರು 7 ಮೀಟರ್ ಪಕ್ಕಕ್ಕೆ ಸರಿಯುತ್ತದೆ. (ಈ 3438 ನಿಮಗೆ ಪರಿಚಿತವೆ? ವೃತ್ತದ ತ್ರಿಜ್ಯವನ್ನು ಮಿನಿಟುಗಳಲ್ಲಿ ಹೇಳುವ ಸಂಖ್ಯೆ ಅದು. ಆರ್ಯಭಟನ ಜ್ಯಾ ಕೋಷ್ಟಕದ ಆಧಾರವೂ ಅದೇ.)

ತ್ರಿಭುಜದ ಆಕಾರವೂ ಮುಖ್ಯ. ತಿಳಿದ ಬಾಹುವಿಗೆ ಎದುರಿನ ಕೋನ 60° ಇದ್ದು ಅದರಲ್ಲಿ ಒಂದು ಮಿನಿಟು ತಪ್ಪಿದರೆ ಉತ್ತರದಲ್ಲಿ ಶೇಕಡ 0.017ರಷ್ಟು ದೋಷ. ಅದೇ ಕೋನ 5° ಇದ್ದರೆ ದೋಷ ಶೇಕಡ 0.33, ಸುಮಾರು ಇಪ್ಪತ್ತು ಪಟ್ಟು! ಆದ್ದರಿಂದಲೇ ತೀರ ಚೂಪಾದ ತ್ರಿಭುಜಗಳನ್ನು ಬಿಟ್ಟು ಸಮಬಾಹುವಿಗೆ ಹತ್ತಿರವಾದವನ್ನು ಆರಿಸಬೇಕು. ಮೂರನೆಯ ಕೋನವನ್ನು 180°ಯಿಂದ ಕಳೆದು ತೃಪ್ತರಾಗುವುದೂ ಸರಿಯಲ್ಲ. ಮೂರನ್ನೂ ಅಳೆದರೆ ತಪ್ಪು ಬಯಲಾಗುತ್ತದೆ. ಭೂಮಿ ಗುಂಡಗಿರುವುದರಿಂದ ಮೊತ್ತ ನಿಖರವಾಗಿ 180° ಬರುವುದೂ ಇಲ್ಲ. ನಮ್ಮ ತ್ರಿಭುಜದಲ್ಲಿ ಅದು ಒಂದು ಸೆಕೆಂಡಿಗಿಂತ ತುಸು ಹೆಚ್ಚಿರುತ್ತದೆ. ಲ್ಯಾಂಬ್ಟನ್ನನ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಅದನ್ನು ಬೆಟ್ಟಗಳ ತುದಿಗೆ ಹೊತ್ತು ಸಾಗಿಸಿದ ಕೂಲಿಗಳ, ದೂರದ ಶಿಖರಗಳಲ್ಲಿ ಬಾವುಟ ಹಿಡಿದು ಕಾದವರ ಶ್ರಮವೆಲ್ಲ ಸಂದದ್ದು ಇಂಥ ಸೆಕೆಂಡುಗಳಿಗಾಗಿ.

3.7 ಅಂಗುಲ

ಮದರಾಸಿನ ಆಧಾರ ರೇಖೆಯ ಉದ್ದ 40,006.44 ಅಡಿ, ಅಂದರೆ ಏಳೂವರೆ ಮೈಲಿಗಿಂತ ತುಸು ಹೆಚ್ಚು. ನೂರು ಅಡಿಯ ಉಕ್ಕಿನ ಸರಪಳಿಯನ್ನು ನಾನೂರು ಬಾರಿ ಇಟ್ಟು ಅದನ್ನು ಅಳೆಯಲಾಯಿತು. ಅಲ್ಲಿಂದ ತ್ರಿಭುಜಗಳು ಸುಮಾರು 300 ಕಿ.ಮೀ. ದಾಟಿ ಬೆಂಗಳೂರಿಗೆ ಬಂದವು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಯಷ್ಟು ಉದ್ದದ ಎರಡನೆಯ ಆಧಾರ ರೇಖೆಯನ್ನು ನೆಲದ ಮೇಲೆ ಅಳೆದು, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸಿದರು. ವ್ಯತ್ಯಾಸ 3.7 ಅಂಗುಲ, ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ!

ಈ ಸರಪಣಿ ಮಂಗಳೂರಿನ ಕರಾವಳಿ ಮುಟ್ಟಿದಾಗ, ಹಿಂದಿನ ನಕ್ಷೆಗಳಲ್ಲಿ ಸುಮಾರು 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ ಸುಮಾರು 360 ಮೈಲಿ ಎಂದು ತಿಳಿಯಿತು. ನಕ್ಷೆಯಲ್ಲಿ ನಲವತ್ತು ಮೈಲಿ ನೆಲ ಇಲ್ಲವಾಯಿತು! ಯಾವ ನಕ್ಷೆಯನ್ನು ನಂಬಬೇಕೆಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನ ಆ 3.7 ಅಂಗುಲದಲ್ಲಿತ್ತು. ಸೂತ್ರ ಹಾಕಿ ಉತ್ತರ ತೆಗೆಯುವುದು ಅರ್ಧ ಕೆಲಸ. ಆ ಉತ್ತರವನ್ನು ಬೇರೊಂದು ಅಳತೆಯ ಎದುರು ನಿಲ್ಲಿಸಿ ಪರೀಕ್ಷಿಸುವುದು ಉಳಿದರ್ಧ. ನಮ್ಮ ತರಗತಿಗಳಲ್ಲಿ ಮರೆತುಹೋಗುವುದು ಈ ಎರಡನೆಯ ಅರ್ಧವೇ.

ಇಂದು ಉಪಗ್ರಹಗಳಿಂದ ಬರುವ ಸಂಕೇತಗಳ ಕಾಲವನ್ನು ಅಳೆದು ನಮ್ಮ ಸ್ಥಾನವನ್ನು ತಿಳಿಯುತ್ತೇವೆ. ಇಲ್ಲಿ ಅಳೆಯುವುದು ದೂರವನ್ನು, ಕೋನವನ್ನಲ್ಲ. ಬಾಹುಗಳಿಂದ ಹೊರಡುವ ಈ ಲೆಕ್ಕ ಕೊಸೈನ್ ನಿಯಮಕ್ಕೆ ಹತ್ತಿರದ ನೆಂಟ. ಗುಣಾಕಾರದ ಶ್ರಮ ಯಂತ್ರಕ್ಕೆ ಹೋದ ಮೇಲೆ ಸರದಿ ಬದಲಾಯಿತು.

ಶಿಕ್ಷಕರೆ, ಇದನ್ನು ಶಾಲೆಯ ಮೈದಾನದಲ್ಲೇ ಮಾಡಿಸಬಹುದು. ಹಲಗೆಗೆ ದೊಡ್ಡ ಕೋನಮಾಪಕ ಅಂಟಿಸಿ, ನಡುವಿಗೆ ಮೊಳೆ ಹೊಡೆದು, ತಿರುಗುವ ಕೊಳವೆಯೊಂದನ್ನು ಕೂಡಿಸಿ. 20 ಮೀಟರ್ ಆಧಾರ ರೇಖೆಯನ್ನು ಟೇಪಿನಿಂದ ಅಳೆದು, ಎರಡೂ ತುದಿಗಳಿಂದ ಮೈದಾನದಾಚೆಯ ಮರವೊಂದರ ಕೋನ ಅಳೆಯಿರಿ. ಸೈನ್ ನಿಯಮದಿಂದ ದೂರ ಲೆಕ್ಕಹಾಕಿ. ಆಮೇಲೆ ಮರದವರೆಗೆ ಟೇಪು ಹಿಡಿದು ನಡೆಯಿರಿ. ಎರಡೂ ಉತ್ತರಗಳ ವ್ಯತ್ಯಾಸವನ್ನು ಮಕ್ಕಳು ಅಳಿಸದೆ ಕಾಪಿ ಪುಸ್ತಕದಲ್ಲಿ ಬರೆದಿಡಲಿ. ಅದೇ ನಿಮ್ಮ ಶಾಲೆಯ '3.7 ಅಂಗುಲ'.